ಕೇದಾರ: ಸ್ಥಾವರವೋ, ಜಂಗಮವೋ?

2025ರ ಮಾರ್ಚ್ 5ರಂದು ಕೇಂದ್ರ ಸಚಿವ ಸಂಪುಟವು ಸೋನಪ್ರಯಾಗದಿಂದ ಕೇದಾರನಾಥಕ್ಕೆ 12.9 ಕಿಲೋಮೀಟರ್ ಉದ್ದದ ರೋಪ್‌ವೇಗೆ ಒಪ್ಪಿಗೆ ಕೊಟ್ಟಿತು. ವೆಚ್ಚ 4,081 ಕೋಟಿ ರೂಪಾಯಿ. ಈಗ ಎಂಟು-ಒಂಬತ್ತು ಗಂಟೆ ಹಿಡಿಯುವ ಪ್ರಯಾಣ 36 ನಿಮಿಷಕ್ಕೆ ಇಳಿಯುತ್ತದೆ, ದಿನಕ್ಕೆ 18,000 ಜನರನ್ನು ಸಾಗಿಸಬಹುದು ಎಂದು ಪ್ರಕಟಣೆ ಹೇಳಿತು. ಅವತ್ತು ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸ್ಆ್ಯಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ. ನನ್ನ ಕಸುಬೇ ಅಂಥದ್ದು. ಎಂಟು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು ಎಂದರೆ ಅದು ಯಾವ ಕೆಲಸ ಎಂದು ಕೇಳುವ ಮೊದಲೇ ಖುಷಿಯಾಗಿಬಿಡುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಸುದ್ದಿ ಹೇಳಿದೆ. 2023ರ ಅಕ್ಟೋಬರಿನಲ್ಲಿ ಅವಳನ್ನು ಕೇದಾರಕ್ಕೆ ಕರೆದುಕೊಂಡು ಹೋಗಿದ್ದೆ. ಮಂಡಿನೋವಿನಿಂದ ನಡೆಯಲಾಗದೆ ಡಂಡಿಯಲ್ಲಿ ಹೋಗಿ ಬಂದವಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಡುವಿನ ಊರೆಲ್ಲಾ ಏನಾಗ್ತಾವ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಯ ಹಿಂದೆ ಹೋಗುವ ಪ್ರಯತ್ನ.

ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕಥೆ, ಕಾದಂಬರಿ, ಸಿನಿಮಾಗಳ ವಿಮರ್ಶೆ ಬರುತ್ತದೆ. ದೇವಸ್ಥಾನವನ್ನೂ ಒಂದು ಕೃತಿಯೆಂದು ಓದಬಹುದು ಎಂಬುದು ನನ್ನ ನಂಬಿಕೆ. ಹಾಗೆ ಓದಿದರೆ ಕೇದಾರನಾಥದಲ್ಲಿ 2013ರ ಪ್ರವಾಹದ ನಂತರ ನಡೆದಿರುವುದು ಆ ಕೃತಿಯ ಒಂದು ಪರಿಷ್ಕೃತ ಮುದ್ರಣ. ಸಂಪಾದಕರು ಏನನ್ನು ಉಳಿಸಿದರು, ಏನನ್ನು ಬಿಟ್ಟರು, ಮೂಲವನ್ನು ಸರಿಯಾಗಿ ಓದಿಕೊಂಡಿದ್ದಾರೆಯೇ ಎಂದು ಕೇಳುವ ಹಕ್ಕು ಭಕ್ತರಿಗೂ ಇದೆ, ನನ್ನಂಥ ಅರೆಭಕ್ತರಿಗೂ ಇದೆ.

ಮೊದಲು ಮೂಲ ಕೃತಿ ಏನು ಹೇಳುತ್ತದೆ ನೋಡೋಣ.

ಕೇದಾರದ ಕಥೆ ನಮ್ಮಲ್ಲಿ ಬಹುತೇಕರಿಗೆ ಗೊತ್ತು. ಕುರುಕ್ಷೇತ್ರ ಮುಗಿದ ಮೇಲೆ ಬಂಧುಗಳನ್ನು ಕೊಂದ ಪಾಪ ಕಳೆದುಕೊಳ್ಳಲು ಪಾಂಡವರು ಶಿವನನ್ನು ಹುಡುಕುತ್ತ ಬರುತ್ತಾರೆ. ಶಿವನಿಗೆ ಅವರ ಮುಖ ನೋಡಲು ಇಷ್ಟವಿಲ್ಲ. ಅವನು ಅಡಗಿಕೊಂಡ ಜಾಗ ಗುಪ್ತಕಾಶಿ. ಅಲ್ಲಿಂದಲೂ ತಪ್ಪಿಸಿಕೊಂಡು ಎತ್ತಿನ ರೂಪದಲ್ಲಿ ದನಗಳ ಹಿಂಡಿನಲ್ಲಿ ಸೇರಿಕೊಳ್ಳುತ್ತಾನೆ. ಭೀಮ ಗುರುತಿಸಿ ಹಿಡಿಯಲು ಹೋದಾಗ ಎತ್ತು ನೆಲದೊಳಗೆ ಇಳಿಯುತ್ತದೆ. ಕೈಗೆ ಸಿಕ್ಕಿದ್ದು ಡುಬ್ಬ ಮಾತ್ರ. ಅದೇ ಕೇದಾರ. ಬಾಹು ತುಂಗನಾಥದಲ್ಲಿ, ಮುಖ ರುದ್ರನಾಥದಲ್ಲಿ, ಹೊಕ್ಕಳು ಮಧ್ಯಮಹೇಶ್ವರದಲ್ಲಿ, ಜಟೆ ಕಲ್ಪೇಶ್ವರದಲ್ಲಿ ಕಾಣಿಸಿದವು. ಇವು ಐದೂ ಸೇರಿ ಪಂಚಕೇದಾರ. ಮುಖ ನೇಪಾಳದ ಪಶುಪತಿನಾಥದಲ್ಲಿ ಎದ್ದಿತು ಎಂದು ಹೇಳುವವರೂ ಇದ್ದಾರೆ.

ಭಾರತದ ದೇವಸ್ಥಾನಗಳ ಸಾಮಾನ್ಯ ಭಾಷೆ ದರ್ಶನದ್ದು. ದೇವರು ನಮ್ಮನ್ನು ನೋಡುತ್ತಾನೆ, ನಾವು ದೇವರನ್ನು ನೋಡುತ್ತೇವೆ. ಕೇದಾರದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಇರುವುದು ನಮ್ಮ ಮುಖ ನೋಡಲು ಒಪ್ಪದೆ ಹೊರಟುಹೋದವನ ಬೆನ್ನು. ಗರ್ಭಗುಡಿಯಲ್ಲಿ ಕಡೆದ ಲಿಂಗವಿಲ್ಲ, ಮೂರ್ತಿಯಿಲ್ಲ. ನೆಲದಿಂದ ಎದ್ದ ಒಂದು ಉಬ್ಬುತಗ್ಗಿನ ಬಂಡೆ ಇದೆ. ಯಾತ್ರಿಕರು ಅದಕ್ಕೆ ತುಪ್ಪ ಹಚ್ಚುತ್ತಾರೆ, ತಬ್ಬಿಕೊಳ್ಳುತ್ತಾರೆ. ಹಾವೇರಿಯ ಹತ್ತಿರದ ಹಳ್ಳಿಯಲ್ಲಿ ಎತ್ತು ಸಾಕಿಕೊಂಡು ಬಾಳಿದ ನನ್ನ ಅವ್ವ ತುಪ್ಪ ಹಚ್ಚಿ ಹೊರಗೆ ಬಂದು ಹೇಳಿದ್ದು ಇಷ್ಟೇ: "ಖರೇನ ಎತ್ತಿನ ಡುಬ್ಬಾನ ಮುಟ್ಟಿದಂಗ ಆತು." ಮಹಾಭಾರತದ ಯುದ್ಧೋತ್ತರ ವಿಷಾದ ಎಂದೆಲ್ಲ ನಾವು ವಿಚಾರಗೋಷ್ಠಿಗಳಲ್ಲಿ ಮಾತಾಡುತ್ತೇವೆ. ಆ ವಿಷಾದವನ್ನು ಅಂಗೈಯಿಂದ ಮುಟ್ಟಿ ನೋಡಬಹುದಾದ ಜಾಗ ನನಗೆ ತಿಳಿದಂತೆ ಇದೊಂದೇ. ಇಲ್ಲಿಗೆ ಬರುವವನು ಕೊಲೆಗಾರನ ಜಾಗದಲ್ಲಿ ನಿಂತು ಬರಬೇಕು.

ಈ ಕಥೆ ದೇವಸ್ಥಾನದ ಬಾಗಿಲಲ್ಲಿ ಶುರುವಾಗುವುದಿಲ್ಲ. ರುದ್ರಪ್ರಯಾಗದಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ಕಣಿವೆಗೆ ತಿರುಗಿದಾಗಿನಿಂದ ಶುರುವಾಗುತ್ತದೆ. ಗುಪ್ತಕಾಶಿಯಲ್ಲಿ ಶಿವ ಅಡಗಿದ. ಸೋನಪ್ರಯಾಗದ ಮೇಲೆ ತ್ರಿಯುಗಿನಾರಾಯಣದಲ್ಲಿ ಅವನಿಗೂ ಪಾರ್ವತಿಗೂ ಮದುವೆಯಾಯಿತು. ಆ ಮದುವೆಯ ಹೋಮದ ಬೆಂಕಿ ಇನ್ನೂ ಆರಿಲ್ಲ ಎಂದು ನಂಬಿಕೆ. ಗೌರಿಕುಂಡದಲ್ಲಿ ಪಾರ್ವತಿ ತಪಸ್ಸು ಮಾಡಿದಳು. ಸೋನಪ್ರಯಾಗ-ಗೌರಿಕುಂಡಗಳ ನಡುವೆ ತಲೆಯಿಲ್ಲದ ಗಣೇಶನ ಗುಡಿಯಿದೆ, ಮುಂಡಕಟಿಯಾ ಎಂದು ಕರೆಯುತ್ತಾರೆ. ಪ್ರೀತಿ, ಮದುವೆ, ಮಗ, ಸಿಟ್ಟಿನಲ್ಲಿ ತಲೆ ಕಡಿದದ್ದು, ಎಲ್ಲವೂ ದಾರಿಯ ಮೇಲೇ ಇವೆ. ಒಂದು ಸಂಸಾರದ ಕಥೆಯನ್ನೂ ಒಂದು ಯುದ್ಧದ ಕಥೆಯನ್ನೂ ಹೆಣೆದು ಕಣಿವೆಯುದ್ದಕ್ಕೂ ಹಾಸಿದ್ದಾರೆ. ಗೌರಿಕುಂಡದಿಂದ ಮೇಲಕ್ಕೆ ಈಗ ಸುಮಾರು 16 ಕಿಲೋಮೀಟರ್ ನಡಿಗೆ. 3,583 ಮೀಟರ್ ಎತ್ತರದ ದೇವಸ್ಥಾನ ಈ ಕಥೆಯ ಕೊನೆಯ ವಾಕ್ಯ ಮಾತ್ರ. ಹಿಂದಿನ ಪುಟಗಳಿಲ್ಲದೆ ಕೊನೆಯ ವಾಕ್ಯ ಓದಿದರೆ ಅದೊಂದು ಕಲ್ಲು.

ಅವ್ವ ಕೇಳಿದ "ನಡುವಿನ ಊರು"ಗಳು ಇವೇ.

ಇನ್ನು ಕಾಲದ ವಿಷಯ. ಕೇದಾರನಾಥದ ಬಾಗಿಲು ವರ್ಷದಲ್ಲಿ ಸುಮಾರು ಆರು ತಿಂಗಳು ಮುಚ್ಚಿರುತ್ತದೆ. ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದಲ್ಲಿ ನಿರ್ಧರಿಸುತ್ತಾರೆ. ದೀಪಾವಳಿ ಕಳೆದು ಭಾಯಿದೂಜ್ ದಿನ ಬಂಡೆಗೆ ಭಸ್ಮ ಮತ್ತು ಹೂವು ಹೊದಿಸಿ ಸಮಾಧಿ ಪೂಜೆ ಮಾಡಿ ಬಾಗಿಲು ಮುಚ್ಚುತ್ತಾರೆ. ಐದು ಮುಖದ ಉತ್ಸವಮೂರ್ತಿಯನ್ನು ಡೋಲಿಯಲ್ಲಿ ಹೊತ್ತು, ದಾರಿಯಲ್ಲಿ ತಂಗುತ್ತ, ಗುಪ್ತಕಾಶಿಯ ಮೇಲಿಂದ ಊಖೀಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ತರುತ್ತಾರೆ. ಚಳಿಗಾಲದ ಪೂಜೆ ಅಲ್ಲಿಯೇ. ಮೇಲೆ ಹಿಮದಲ್ಲಿ ದೇವತೆಗಳು ಪೂಜೆ ಮಾಡುತ್ತಾರೆ, ಭೈರವ ಕಾಯುತ್ತಾನೆ ಎಂದು ನಂಬಿಕೆ. ಮನುಷ್ಯರು ಅರ್ಧ ವರ್ಷ ಅಲ್ಲಿಂದ ಎದ್ದುಹೋಗಬೇಕು ಎಂಬುದನ್ನು ನಿಯಮವಾಗಿ, ಹಬ್ಬವಾಗಿ ಮಾಡಿಕೊಂಡ ವ್ಯವಸ್ಥೆ ಇದು. ಹಗಲೂ ರಾತ್ರಿ ಸರ್ವರ್ ನಿಲ್ಲಬಾರದು ಎಂದು ಸಂಬಳ ಪಡೆಯುವ ನನಗೆ, ಮುಚ್ಚುವುದನ್ನೇ ಇಷ್ಟು ಚೆನ್ನಾಗಿ ವಿನ್ಯಾಸ ಮಾಡಬಹುದು ಎಂಬುದು ಅಲ್ಲಿಗೆ ಹೋಗುವವರೆಗೂ ಹೊಳೆದಿರಲಿಲ್ಲ.

ಇಲ್ಲಿಯೇ ಕನ್ನಡದ ಒಂದು ಎಳೆ ಬರುತ್ತದೆ. ಕೇದಾರವು ವೀರಶೈವರ ಪಂಚಪೀಠಗಳಲ್ಲಿ ಒಂದು. ರಂಭಾಪುರಿ, ಉಜ್ಜಯಿನಿ, ಶ್ರೀಶೈಲ, ಕಾಶಿ ಉಳಿದವು. ಕೇದಾರದ ರಾವಲರು, ಅಂದರೆ ಪ್ರಧಾನ ಗುರುಗಳು, ಬರುವುದು ವೀರಶೈವ ಜಂಗಮ ಸಮುದಾಯದಿಂದ. ಅವರು ತಾವೇ ಪೂಜೆ ಮಾಡುವುದಿಲ್ಲ, ಅವರ ಅಪ್ಪಣೆಯಂತೆ ಅರ್ಚಕರು ಮಾಡುತ್ತಾರೆ. ಅವರ ಪೀಠ ಇರುವುದು ಊಖೀಮಠದಲ್ಲಿ. ಅತ್ತ ಕಠ್ಮಂಡುವಿನ ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರೂ ಕರ್ನಾಟಕದ ಕಡೆಯವರು. ಡುಬ್ಬವನ್ನೂ ಮುಖವನ್ನೂ ನೋಡಿಕೊಳ್ಳುವವರು ನಮ್ಮ ಕಡೆಯಿಂದ ಹೋದವರು ಎಂದು ನಾವು ಹೆಮ್ಮೆಪಡುವುದುಂಟು.

ಹೆಮ್ಮೆಗಿಂತ ನನಗೆ ಕುತೂಹಲ ಹುಟ್ಟಿಸಿದ್ದು 'ಜಂಗಮ' ಎಂಬ ಶಬ್ದ. ಪಂಚಪೀಠಗಳ ಪರಂಪರೆಗೂ ಬಸವಾದಿ ಶರಣರ ಪರಂಪರೆಗೂ ಏನು ಸಂಬಂಧ ಎಂಬ ಜಗಳ ನಮ್ಮಲ್ಲಿ ಬಹಳ ದಿನದ್ದು, ಅದನ್ನು ಇಲ್ಲಿ ಎಳೆಯುವುದಿಲ್ಲ. ಆದರೆ ಸ್ಥಾವರ-ಜಂಗಮ ಎಂಬ ಜೋಡಿಪದವನ್ನು ಇಡೀ ಕನ್ನಡಕ್ಕೆ ವಿಚಾರದ ಸಾಧನವಾಗಿ ಕೊಟ್ಟವರು ವಚನಕಾರರು. ನಿಂತದ್ದು ಒಂದು, ನಡೆಯುವುದು ಇನ್ನೊಂದು. ಎರಡರಲ್ಲಿ ಬಾಳಿಕೆ ಯಾವುದಕ್ಕೆ ಎಂಬ ಪ್ರಶ್ನೆಯನ್ನು ಬಸವಣ್ಣ ಕೇಳಿದ ರೀತಿ ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಅಜ್ಜ ಯಾತ್ರೆಗೆ ಹೊರಟವರನ್ನು ಕಂಡರೆ, "ಅಂಗೈಯಾಗ ಲಿಂಗ ಐತಿ, ಕಾಲಿಗೆ ಯಾಕ ಕೆಲಸ ಕೊಡತೀರಿ?" ಎಂದು ನಗುತ್ತಿದ್ದ. ಅವ್ವ ಕೇದಾರಕ್ಕೆ ಹೋಗುವ ಆಸೆಯನ್ನು ಅವನು ಇರುವ ತನಕ ಬಾಯಿ ಬಿಟ್ಟು ಹೇಳಲಿಲ್ಲ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡೇ ಆ ಬಂಡೆಯ ಮುಂದೆ ನಿಂತಳು.

ಅಜ್ಜನ ಪ್ರಶ್ನೆಗೆ ಈಗ ನಾನು ಹೀಗೆ ಉತ್ತರ ಕೊಡುತ್ತೇನೆ. ಕೇದಾರವು ಸ್ಥಾವರದ ಹಾಗೆ ಕಾಣುವ ಜಂಗಮ. ದೇವರು ಓಡಿಹೋದವನು, ಅವನ ಕಥೆ ಐದು ಕಡೆ ಚದುರಿದೆ, ಅವನ ಮೂರ್ತಿ ವರ್ಷಕ್ಕೆ ಎರಡು ಸಲ ಹೆಗಲ ಮೇಲೆ ಪ್ರಯಾಣ ಮಾಡುತ್ತದೆ, ಅವನನ್ನು ನೋಡಬೇಕೆಂದವರು ನಡೆಯಬೇಕು. ಕಲ್ಲಿನ ಕಟ್ಟಡ ಈ ಚಲನೆಯ ಒಂದು ತಂಗುದಾಣ. ಇದನ್ನು ಅಳತೆಗೋಲಾಗಿ ಇಟ್ಟುಕೊಂಡು ಹೊಸ ಮುದ್ರಣವನ್ನು ನೋಡಬೇಕು.

2013ರ ಜೂನ್ 16-17ರಂದು ಚೋರಾಬಾರಿ ಸರೋವರ ಒಡೆದು ಬಂದ ನೀರು, ಮಣ್ಣು, ಬಂಡೆಗಳು ಕೇದಾರದ ಪೇಟೆಯನ್ನು ಕೊಚ್ಚಿಕೊಂಡು ಹೋದವು. ಸಾವಿರಾರು ಜನ ಸತ್ತರು. ದಾರಿ ನಡುವಿನ ರಾಂಬಾಡಾ ಎಂಬ ಊರು ಹೇಳಹೆಸರಿಲ್ಲದಾಯಿತು. ದೇವಸ್ಥಾನದ ಹಿಂದೆ ಬಂದು ನಿಂತ ದೊಡ್ಡ ಬಂಡೆ ನೀರನ್ನು ಎರಡಾಗಿ ಸೀಳಿದ್ದರಿಂದ ಗುಡಿ ಉಳಿಯಿತು. ಅದಕ್ಕೆ ಈಗ ಭೀಮಶಿಲೆ ಎಂದು ಹೆಸರು. ಶಿವನನ್ನು ಹಿಡಿಯಲು ಹೋದ ಭೀಮನೇ ಶಿವನನ್ನು ಕಾಪಾಡಿದ ಎಂದು ಜನ ಕಥೆಯನ್ನು ಮುಂದುವರಿಸಿದ್ದಾರೆ. ಪ್ರವಾಹದ ನಂತರ ಕೇದಾರಕ್ಕೆ ಸೇರಿದ ಎಲ್ಲದರಲ್ಲಿ ಮೂಲಕ್ಕೆ ಅತ್ಯಂತ ನಿಷ್ಠವಾದ ಸೇರ್ಪಡೆ ಇದೇ ಹೆಸರು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ.

ಮೊದಲ ವರ್ಷಗಳ ಪುನರ್ನಿರ್ಮಾಣವನ್ನು ಟೀಕಿಸುವ ಅರ್ಹತೆ ನನಗಿಲ್ಲ. ಆ ಎತ್ತರದಲ್ಲಿ, ಆ ಚಳಿಯಲ್ಲಿ ಹೊಸ ದಾರಿ ಕಡಿದವರ ಕೆಲಸ ಯಾವ ಪ್ರಾಜೆಕ್ಟ್ ಮ್ಯಾನೇಜರನೂ ಟೋಪಿ ತೆಗೆದು ನೋಡಬೇಕಾದದ್ದು. ನದಿದಂಡೆಗೆ ತಡೆಗೋಡೆ ಬೇಕಿತ್ತು, ಅರ್ಚಕರಿಗೆ ಮನೆ ಬೇಕಿತ್ತು. ನನ್ನ ತಕರಾರು ಅದರ ಮುಂದಿನ ಹಂತದ ಬಗ್ಗೆ.

ಸಂಗಮದ ಕಡೆಯಿಂದ ದೇವಸ್ಥಾನದವರೆಗೆ ಈಗ ನೇರವಾದ, ಅಗಲವಾದ ಕಲ್ಲುಹಾಸಿನ ದಾರಿ ಇದೆ. ಹಿಂದೆ ಅಲ್ಲಿ ಎರಡೂ ಬದಿ ಅಂಗಡಿ, ಛತ್ರಗಳ ಇಕ್ಕಟ್ಟಾದ ಓಣಿ ಇತ್ತು. ಹಳೆಯ ಫೋಟೋಗಳಲ್ಲಿ ನೋಡಿದರೆ ಆ ಓಣಿ ಸುಂದರವಾಗೇನೂ ಇರಲಿಲ್ಲ. ಆದರೆ ಓಣಿಯಿಂದ ಹೊರಬಂದವನಿಗೆ ಗುಡಿ ಒಮ್ಮೆಗೇ ಎದುರಾಗುತ್ತಿತ್ತು. ಈಗ ದೂರದಿಂದಲೇ ಕಾಣುತ್ತದೆ, ಎಲ್ಲರಿಗೂ ಒಂದೇ ಕೋನದಿಂದ ಕಾಣುತ್ತದೆ. ಹಿಂದೆ ಹಿಮದ ಬೆಟ್ಟ, ನಡುವೆ ಗುಡಿ, ಮುಂದೆ ದಾರಿ. ದಿಲ್ಲಿಯ ರಾಜಪಥದ ವ್ಯಾಕರಣ ಇದು. ನೋಡುವವನನ್ನು ಒಂದು ಕಡೆ ನಿಲ್ಲಿಸಿ, ನೋಡಬೇಕಾದದ್ದನ್ನು ಇನ್ನೊಂದು ತುದಿಯಲ್ಲಿ ಇಟ್ಟು, ನಡುವೆ ಏನೂ ಇಲ್ಲದಂತೆ ಮಾಡುವುದು. ಮುಖ ತೋರಿಸಲು ಒಪ್ಪದ ದೇವರಿಗೆ ಇಷ್ಟು ದೊಡ್ಡ ಎದುರನ್ನು ಕಟ್ಟಿದ್ದೇವೆ. ನಾನು ಹೋದ ದಿನ ಆ ದಾರಿಯಲ್ಲಿ ಬಹಳ ಮಂದಿ ಗುಡಿಗೆ ಬೆನ್ನು ಮಾಡಿ ನಿಂತಿದ್ದರು, ಸೆಲ್ಫಿಗೆ. ನಾನೂ ಅವರಲ್ಲೊಬ್ಬ.

ಎರಡನೆಯದು ಚಿನ್ನ. 2022ರಲ್ಲಿ ಗರ್ಭಗುಡಿಯ ಗೋಡೆಗಳಿಗೆ ಚಿನ್ನದ ಹೊದಿಕೆ ಹಾಕಿದರು. ತೀರ್ಥಪುರೋಹಿತರಲ್ಲಿ ಕೆಲವರು ವಿರೋಧಿಸಿದರು. ಕೊಟ್ಟವರ ಭಕ್ತಿಯ ಬಗ್ಗೆ ಮಾತಿಲ್ಲ. ಮೊದಲೂ ಅಲ್ಲಿ ಬೆಳ್ಳಿ ಇತ್ತು ಎಂಬುದೂ ನಿಜ. ಆದರೆ ಕೇದಾರದ ಗುಡಿಯ ಸೌಂದರ್ಯ ಇರುವುದು ದೊಡ್ಡ ದೊಡ್ಡ ಬೂದುಕಲ್ಲುಗಳಲ್ಲಿ, ಶಿಖರದ ಮೇಲೆ ಗಢವಾಲದ ಪದ್ಧತಿಯಂತೆ ಕೂರಿಸಿದ ಮರದ ಚಾವಣಿಯಲ್ಲಿ, ಬೆಟ್ಟದ್ದೇ ತುಂಡೊಂದು ಎದ್ದು ನಿಂತಂಥ ಒರಟಿನಲ್ಲಿ. ಕಲ್ಲಿನ ಕತ್ತಲಲ್ಲಿ ಕಲ್ಲನ್ನು ಮುಟ್ಟುವ ಅನುಭವಕ್ಕೆ ಹೊಳೆಯುವ ಗೋಡೆ ಏನನ್ನೂ ಸೇರಿಸುವುದಿಲ್ಲ, ಕಣ್ಣನ್ನು ಬಂಡೆಯಿಂದ ಗೋಡೆಗೆ ಎಳೆಯುತ್ತದೆ.

ಮೂರನೆಯದನ್ನು ಮಾತ್ರ ಮೆಚ್ಚಿಕೊಳ್ಳುತ್ತೇನೆ. ಪ್ರವಾಹದಲ್ಲಿ ನಾಶವಾದ ಶಂಕರಾಚಾರ್ಯರ ಸಮಾಧಿಯ ಜಾಗದಲ್ಲಿ, ದೇವಸ್ಥಾನದ ಹಿಂದೆ, 12 ಅಡಿಯ ಮೂರ್ತಿಯನ್ನು 2021ರ ನವೆಂಬರ್ 5ರಂದು ಅನಾವರಣ ಮಾಡಿದರು. ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಕಡೆದದ್ದು. ಈ ಕಾಲದ ರೂಢಿಯಂತೆ ಅದನ್ನು ಬೆಟ್ಟದ ಮೇಲೆ ಎತ್ತಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನೆಲಮಟ್ಟದ ಕೆಳಗೆ ದುಂಡಗೆ ತೋಡಿದ ಜಾಗದಲ್ಲಿ ಕೂರಿಸಿದ್ದಾರೆ. ಹತ್ತಿರ ಹೋಗುವ ತನಕ ಕಾಣುವುದಿಲ್ಲ, ಇಳಿದುಕೊಂಡು ಹೋಗಬೇಕು. ಗುಡಿಯ ಜೊತೆ ಎತ್ತರದ ಪೈಪೋಟಿ ಇಲ್ಲ. ಮೈಸೂರಿನವರು ಎಂಬ ಅಭಿಮಾನ ಬದಿಗಿಟ್ಟು ಹೇಳುತ್ತೇನೆ: ಮೂಲವನ್ನು ಓದಿಕೊಂಡು ಮಾಡಿದ ಸೇರ್ಪಡೆ ಹೀಗಿರುತ್ತದೆ. ಇದೇ ಬುದ್ಧಿ ಮುಂಭಾಗದಲ್ಲಿ ಏಕೆ ಕೆಲಸ ಮಾಡಲಿಲ್ಲವೋ.

ಈಗ ರೋಪ್‌ವೇ. ಇದರ ಬಗ್ಗೆ ನನ್ನ ಕಸುಬಿನ ಭಾಷೆಯಲ್ಲೇ ಮಾತಾಡಬಹುದು. ಒಂದು ವ್ಯವಸ್ಥೆಯಲ್ಲಿ ಒಂದು ಕಡೆ ಇಕ್ಕಟ್ಟು ತೆಗೆದರೆ ಒತ್ತಡ ಮಾಯವಾಗುವುದಿಲ್ಲ, ಮುಂದಿನ ಇಕ್ಕಟ್ಟಿಗೆ ಹೋಗುತ್ತದೆ. ಕೇದಾರದಲ್ಲಿ ಮುಂದಿನ ಇಕ್ಕಟ್ಟು ಗರ್ಭಗುಡಿಯ ಬಾಗಿಲು. ಅದನ್ನು ಅಗಲ ಮಾಡಲಾಗದು. ದಿನಕ್ಕೆ 18,000 ಜನ, ಬಾಗಿಲು 15 ಗಂಟೆ ತೆರೆದಿರುತ್ತದೆ ಎಂದು ಇಟ್ಟುಕೊಳ್ಳಿ. ಗಂಟೆಗೆ 1,200, ನಿಮಿಷಕ್ಕೆ 20. ಒಬ್ಬರಿಗೆ ಮೂರು ಸೆಕೆಂಡು. ನಡೆದು ಬಂದವರನ್ನೂ ಹೆಲಿಕಾಪ್ಟರಿನಲ್ಲಿ ಬಂದವರನ್ನೂ ಇದರಲ್ಲಿ ಸೇರಿಸಿಲ್ಲ. 2012ರಲ್ಲಿ ಇಡೀ ಋತುವಿಗೆ ಬಂದವರು ಆರು ಲಕ್ಷದೊಳಗೆ. 2023ರಲ್ಲಿ 19 ಲಕ್ಷಕ್ಕೂ ಹೆಚ್ಚು. ಜನ ಹೆಚ್ಚಾದ ದಿನಗಳಲ್ಲಿ ಒಳಗೆ ಹೋಗಿ ಬಂಡೆ ಮುಟ್ಟಲು ಬಿಡುವುದಿಲ್ಲ, ಹೊರಗಿನ ಮಂಟಪದಿಂದಲೇ ಕೈಮುಗಿದು ಹೋಗಬೇಕು. ಅಂದರೆ ಕೇದಾರದ ಜೀವವಾದ ಸ್ಪರ್ಶ ಈಗಲೇ ಕಡಿತಗೊಂಡಿದೆ. ಎಂಟು ಗಂಟೆಯ ದಾರಿಯನ್ನು ಉಳಿಸಿಕೊಟ್ಟು, ಕೊನೆಯ ಮೂರು ನಿಮಿಷವನ್ನು ಮೂರು ಸೆಕೆಂಡು ಮಾಡುವುದು ಲಾಭವೋ ನಷ್ಟವೋ ಲೆಕ್ಕ ಹಾಕಿ. ಅರ್ಧ ಗಂಟೆಯಲ್ಲಿ ಸಾವಿರದ ಏಳುನೂರು ಮೀಟರಿಗಿಂತ ಹೆಚ್ಚು ಮೇಲೆ ಹೋದರೆ ವಯಸ್ಸಾದವರ ಉಸಿರಾಟದ ಗತಿ ಏನು ಎಂಬುದು ಬೇರೆಯೇ ಪ್ರಶ್ನೆ.

ಇಷ್ಟು ಹೇಳಿದ ಮೇಲೆ ನನ್ನ ವಾದದ ದುರ್ಬಲ ಭಾಗವನ್ನೂ ತೋರಿಸಬೇಕು. ದಾರಿಯೇ ದೇವಸ್ಥಾನ, ನಡಿಗೆಯೇ ಪೂಜೆ ಎಂದು ಬರೆಯುವುದು ಮಂಡಿ ಗಟ್ಟಿಯಿರುವವರಿಗೆ ಸುಲಭ. ನನ್ನ ಅವ್ವ ನಡೆಯಲಿಲ್ಲ. ನಾಲ್ಕು ಜನ ಅವಳನ್ನು ಹೊತ್ತರು. ಆ ದಾರಿಯಲ್ಲಿ ಹೊರುವವರಲ್ಲಿ ಬಹಳ ಮಂದಿ ನೇಪಾಳದಿಂದ ಬರುವವರು. ಬೆನ್ನಿನ ಬುಟ್ಟಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ಒಬ್ಬನೇ ಹತ್ತುವವರೂ ಇದ್ದಾರೆ. ಹೇಸರಗತ್ತೆಗಳ ಪಾಡು ನೋಡಲಾಗದು. ಹೆಲಿಕಾಪ್ಟರ್ ಪರ್ಯಾಯವಲ್ಲ, 2025ರ ಜೂನ್ 15ರಂದು ಕೇದಾರದಿಂದ ಗುಪ್ತಕಾಶಿಗೆ ಹೊರಟ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಏಳು ಜನ ಸತ್ತರು. ಮನುಷ್ಯರ ಹೆಗಲಿನಿಂದಲೂ ಪ್ರಾಣಿಗಳ ಬೆನ್ನಿನಿಂದಲೂ ಭಾರ ಇಳಿಸುವ ಯಂತ್ರ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವತ್ತು ಮೇಲೆ ಮುಟ್ಟಿ ಡಂಡಿಯಿಂದ ಇಳಿದಾಗ ಅವ್ವ ಆ ನಾಲ್ವರಿಗೂ ಕೈಮುಗಿದಳು. ಅವರಿಗೆ ಮುಜುಗರವಾಯಿತು. ಆಮೇಲೆ ನನ್ನ ಕಡೆ ತಿರುಗಿ, "ಹೊತ್ತವರು ಇವರು, ಕುಂತು ಬಂದಾಕಿ ನಾನು. ಪುಣ್ಯ ಯಾರಿಗೆ ಹೋತೋ ತಮ್ಮಾ?" ಎಂದಳು. ಹಿಮಾಲಯ ಯಾತ್ರೆಯ ಬಗ್ಗೆ ನಾವು ಬರೆಯುವ ಲೇಖನಗಳಲ್ಲಿ, ಈ ಪತ್ರಿಕೆಗೆ ಬರುವವೂ ಸೇರಿ, ಈ ಪ್ರಶ್ನೆ ನಾನು ಕಂಡಿಲ್ಲ. ಕೊರೆಯುವ ಚಳಿ ಇರುತ್ತದೆ, ಮಂಜಿನ ಮುಸುಕು ಇರುತ್ತದೆ, ಕಣ್ಣಲ್ಲಿ ನೀರು, ಬಾಳು ಸಾರ್ಥಕವಾಯಿತು ಎಂಬ ಕೊನೆಯ ಸಾಲು ಇರುತ್ತದೆ. ಹೊತ್ತವರು "ಡಂಡಿಯವರು" ಎಂದು ಒಂದು ಕಡೆ ಬಂದು ದರದ ಚೌಕಾಶಿಯೊಂದಿಗೆ ಮುಗಿಯುತ್ತಾರೆ. ನಾನೇ ಹಿಂದೆ ಫೇಸ್‌ಬುಕ್ಕಿನಲ್ಲಿ ಬರೆದದ್ದೂ ಹಾಗೆಯೇ. ನೇರ ಅಗಲ ದಾರಿ ಕಟ್ಟಿದವರೂ ನಾವೂ ಒಂದೇ ತಪ್ಪು ಮಾಡಿದ್ದೇವೆ. ಅವರು ಕಲ್ಲಿನಲ್ಲಿ, ನಾವು ವಾಕ್ಯದಲ್ಲಿ, ದೇವಸ್ಥಾನವನ್ನು ಮಾತ್ರ ಉಳಿಸಿಕೊಂಡು ದಾರಿಯನ್ನು ಅಳಿಸಿದ್ದೇವೆ.

ಹಾಗಾದರೆ ಏನು ಮಾಡಬೇಕು? ರೋಪ್‌ವೇ ಬರುವುದಾದರೆ ಅದು ನಡೆಯಲಾಗದವರಿಗೆ ಮೊದಲು ಸಿಗಲಿ. ದಿನದ ಸಂಖ್ಯೆಯನ್ನು ನಿರ್ಧರಿಸುವುದು ತಂತಿಯ ಸಾಮರ್ಥ್ಯವಾಗದೆ ಗರ್ಭಗುಡಿಯ ಬಾಗಿಲಾಗಲಿ. ಹೊರುವವರಿಗೆ ಬೇರೆ ಕೆಲಸ ಏನು ಎಂಬುದೂ ಯೋಜನೆಯ ಲೆಕ್ಕದಲ್ಲಿ ಬರಲಿ. ಊಖೀಮಠ, ಗುಪ್ತಕಾಶಿ, ತ್ರಿಯುಗಿನಾರಾಯಣಗಳು ಕಿಟಕಿಯ ಹೊರಗಿನ ದೃಶ್ಯವಾಗದೆ ಇಳಿಯುವ ಜಾಗಗಳಾಗಲಿ. ಚಳಿಗಾಲದಲ್ಲಿ ದೇವರು ಊಖೀಮಠದಲ್ಲಿ ಇರುತ್ತಾನೆ, ಅಲ್ಲಿಗೆ ರಸ್ತೆಯಿದೆ. ಮಂಡಿನೋವಿನವರಿಗೆ ಈ ದಾರಿಯನ್ನು ಪರಂಪರೆಯೇ ತೆರೆದಿಟ್ಟಿದೆ, ನಾವು ಅದನ್ನು ಎರಡನೆಯ ದರ್ಜೆಯ ದರ್ಶನ ಎಂದುಕೊಂಡಿದ್ದೇವೆ.

ಈ ಲೇಖನದ ಕರಡನ್ನು ಅವ್ವನಿಗೆ ಓದಿ ಹೇಳಿದೆ. ಅರ್ಧಕ್ಕೆ ತಡೆದು, "ಊಖೀಮಠಕ್ಕ ನಾವು ಹೋಗಲಿಲ್ಲಲ್ಲ?" ಎಂದಳು. ಹೋಗಿರಲಿಲ್ಲ. ಮಂದಾಕಿನಿಯ ಆಚೆ ದಡದಲ್ಲಿ ಗುಪ್ತಕಾಶಿಯಿಂದಲೇ ಆ ಊರು ಕಂಡಿತ್ತು. ಮರುದಿನ ಡೆಹ್ರಾಡೂನಿನಿಂದ ವಿಮಾನವಿತ್ತು, ನಾನೇ ಬೇಡವೆಂದಿದ್ದೆ. ಬರುವ ಜನವರಿಗೆ ಟಿಕೆಟ್ ಮಾಡಿಸಿದ್ದೇನೆ.